ಪಶ್ಚಿಮ ಬೋಸ್ನಿಯಾ ಸ್ವಾಯತ್ತ ಪ್ರಾಂತ್ಯ, 1993–95: ಒಂದೇ ಸಮುದಾಯದವರು ತಮ್ಮತಮ್ಮಲ್ಲೇ ಏಕೆ ಯುದ್ಧ ಮಾಡಿದರು?

ಪ್ರಶ್ನೆ (ಹಳೆಯ ನಕ್ಷೆ):

ಬೋಸ್ನಿಯಾದ ಯುದ್ಧವನ್ನು ಸಾಮಾನ್ಯವಾಗಿ ಸರ್ಬರು, ಕ್ರೊಯೇಟರು ಮತ್ತು ಬೋಸ್ನಿಯಾಕರು (ಬೋಸ್ನಿಯಾದ ಮುಸ್ಲಿಮರು) ಎಂಬ ಮೂರು ಪಕ್ಷಗಳ ನಡುವಿನ ಯುದ್ಧ ಎಂದೇ ವಿವರಿಸಲಾಗುತ್ತದೆ. ನಾನೂ ಇಷ್ಟು ದಿನ ಹಾಗೆಯೇ ತಿಳಿದುಕೊಂಡಿದ್ದೆ. ಇತ್ತೀಚೆಗೆ ಆ ಕಾಲದ ಒಂದು ನಕ್ಷೆಯನ್ನು ನೋಡುತ್ತಿದ್ದಾಗ, ದೇಶದ ವಾಯವ್ಯ ಮೂಲೆಯಲ್ಲಿ, ಬಿಹಾಚ್ ನಗರದ ಉತ್ತರಕ್ಕೆ, ಬೇರೊಂದು ಬಣ್ಣದ ಸಣ್ಣ ತುಂಡು ಕಣ್ಣಿಗೆ ಬಿತ್ತು. ಅದಕ್ಕೆ 'ಪಶ್ಚಿಮ ಬೋಸ್ನಿಯಾ ಸ್ವಾಯತ್ತ ಪ್ರಾಂತ್ಯ' ಎಂಬ ಹೆಸರಿತ್ತು. ರಾಜಧಾನಿ ವೆಲಿಕಾ ಕ್ಲಾದುಶಾ. 1991ರ ಜನಗಣತಿಯ ಪ್ರಕಾರ ಆ ತಾಲ್ಲೂಕಿನ ಸುಮಾರು 53,000 ಜನರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಹಾಗಿದ್ದೂ ಅವರು ಬೋಸ್ನಿಯಾದ ರಾಜಧಾನಿ ಸರಾಯೆವೊದ ಸರ್ಕಾರದಿಂದ ಬೇರ್ಪಟ್ಟು, ಅದೇ ಸರ್ಕಾರದ ಸೈನ್ಯದ ವಿರುದ್ಧ ಎರಡು ವರ್ಷ ಕಾದಿದರು.

ಭಾಷೆ ಒಂದೇ, ಧರ್ಮ ಒಂದೇ, ಊರೂ ಒಂದೇ ಆಗಿರುವಾಗ ಈ ಒಡಕು ಎಲ್ಲಿಂದ ಬಂತು? ಇದನ್ನು ಕೆಲವರು ದ್ರೋಹವೆಂದೂ ಕೆಲವರು ಶಾಂತಿಯ ಪ್ರಯತ್ನವೆಂದೂ ಬರೆದಿರುವುದನ್ನು ನೋಡಿದ್ದೇನೆ. ಈ ಎರಡು ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಮೊದಲು, ನಡೆದದ್ದೇನು ಎಂಬುದನ್ನು ತಿಳಿದವರಿಂದ ಕೇಳಬೇಕೆನಿಸಿತು.

ಉತ್ತರ (ಕಡತಗಾರ):

ಈ ಪ್ರಾಂತ್ಯದ ಕಥೆಯನ್ನು 1993ರಿಂದ ಆರಂಭಿಸಿದರೆ ಅರ್ಥವಾಗುವುದಿಲ್ಲ. ಒಂದು ಕಂಪನಿಯಿಂದ ಆರಂಭಿಸಬೇಕು. ಅದರ ಹೆಸರು ಅಗ್ರೊಕೊಮೆರ್ಟ್ಸ್.

ವೆಲಿಕಾ ಕ್ಲಾದುಶಾ ಮತ್ತು ತ್ಸಾಜಿನ್ ಸೇರಿದ ಆ ಗಡಿನಾಡು ಯುಗೊಸ್ಲಾವಿಯಾದ ಬಹಳ ಹಿಂದುಳಿದ ಭಾಗಗಳಲ್ಲಿ ಒಂದಾಗಿತ್ತು. 1950ರಲ್ಲಿ, ಬಲವಂತದ ಸಾಮೂಹಿಕ ಬೇಸಾಯ ಮತ್ತು ಧಾನ್ಯದ ಲೆವಿಯ ವಿರುದ್ಧ ತ್ಸಾಜಿನ್ ಸುತ್ತಲಿನ ರೈತರು ದಂಗೆಯೆದ್ದಾಗ, ಅದನ್ನು ಸರ್ಕಾರ ನಿರ್ದಯವಾಗಿ ಹತ್ತಿಕ್ಕಿತು. ಅಂಥ ಪ್ರದೇಶದಲ್ಲಿ ಫಿಕ್ರೆತ್ ಅಬ್ದಿಚ್ ಎಂಬ ಸ್ಥಳೀಯ ಯುವಕ ಒಂದು ಸಣ್ಣ ಕೃಷಿ ಸಹಕಾರ ಸಂಘದ ಹೊಣೆ ಹೊತ್ತು, ಅದನ್ನು ಎರಡು ದಶಕಗಳಲ್ಲಿ ಸುಮಾರು 13,000 ಜನರಿಗೆ ಕೆಲಸ ಕೊಡುವ ಆಹಾರೋದ್ಯಮವಾಗಿ ಬೆಳೆಸಿದ. ಕೋಳಿ ಸಾಕಣೆ ಅದರ ಬೆನ್ನೆಲುಬು. ಕಾರ್ಖಾನೆಯ ಸಂಬಳಗಾರರಷ್ಟೇ ಅಲ್ಲದೆ, ಹಳ್ಳಿಹಳ್ಳಿಗಳಲ್ಲಿ ತಮ್ಮ ಹಿತ್ತಲಿನಲ್ಲೇ ಕೋಳಿ ಸಾಕಿ ಕಂಪನಿಗೆ ಒಪ್ಪಿಸುತ್ತಿದ್ದ ರೈತ ಕುಟುಂಬಗಳೂ ಅದರ ನೆರಳಿನಲ್ಲಿದ್ದವು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪಶ್ಚಿಮ ಯುರೋಪಿಗೆ ಗುಳೆ ಹೋಗುವುದೇ ವಾಡಿಕೆಯಾಗಿದ್ದ ಕಡೆ, ಸಂಬಳದ ಕೆಲಸ ಮನೆಯ ಬಾಗಿಲಿಗೆ ಬಂದಿತ್ತು. ಜನ ಅಬ್ದಿಚ್‌ನನ್ನು 'ಬಾಬೊ' ಎಂದು ಕರೆಯತೊಡಗಿದರು. ಆ ಸೀಮೆಯ ಮಾತಿನಲ್ಲಿ ಹಾಗೆಂದರೆ ಅಪ್ಪ.

1987ರಲ್ಲಿ ಕಂಪನಿಯ ಹುಂಡಿಗಳ (ಹಣ ಕೊಡುವುದಾಗಿ ಬರೆದುಕೊಡುವ ಪತ್ರಗಳ) ಹಗರಣ ಹೊರಬಿತ್ತು. ಬೆನ್ನಿಗೆ ಹಣವೇ ಇಲ್ಲದ ಹುಂಡಿಗಳನ್ನು ಬರೆದುಕೊಟ್ಟು, ಹತ್ತಾರು ಬ್ಯಾಂಕುಗಳಿಂದ ನೂರಾರು ದಶಲಕ್ಷ ಡಾಲರುಗಳಷ್ಟು ಸಾಲವನ್ನು ಎತ್ತಲಾಗಿತ್ತು. ಬೋಸ್ನಿಯಾದ ಪ್ರಬಲ ನಾಯಕ ಹಮ್ದಿಯಾ ಪೊಜ್ದೆರಾಟ್ಸ್ ಯುಗೊಸ್ಲಾವಿಯಾದ ಉಪಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು, ಅಬ್ದಿಚ್ ಜೈಲು ಸೇರಿದ. ಆದರೆ ತವರಿನಲ್ಲಿ ಇದರ ಪರಿಣಾಮ ತದ್ವಿರುದ್ಧವಾಯಿತು. 'ನಮ್ಮ ಬೆಳವಣಿಗೆಯನ್ನು ಸಹಿಸಲಾರದೆ ಹೀಗೆ ಮಾಡಿದರು' ಎಂಬ ಭಾವನೆ ಗಟ್ಟಿಯಾಗಿ, ಜೈಲಿನಿಂದ ಹೊರಬಂದವನು ಹೋದಾಗಿನದಕ್ಕಿಂತ ದೊಡ್ಡ ಮನುಷ್ಯನಾಗಿ ಬಂದ.

ಅದರ ಅಳತೆ ಸಿಕ್ಕಿದ್ದು 1990ರ ನವೆಂಬರ್ ಚುನಾವಣೆಯಲ್ಲಿ. ಏಳು ಮಂದಿಯ ಅಧ್ಯಕ್ಷ ಮಂಡಳಿಗೆ ನಡೆದ ಆ ಚುನಾವಣೆಯಲ್ಲಿ ಅಬ್ದಿಚ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಅವನು ನಿಂತಿದ್ದ ಪಕ್ಷದ ನಾಯಕ ಅಲಿಯಾ ಇಜೆತ್‌ಬೆಗೊವಿಚ್‌ಗೆ ಸುಮಾರು ಎಂಟು ಲಕ್ಷ ಎಂಬತ್ತು ಸಾವಿರ. ಹಾಗಿದ್ದೂ ಮಂಡಳಿಯ ಅಧ್ಯಕ್ಷರಾದದ್ದು ಇಜೆತ್‌ಬೆಗೊವಿಚ್. ಕ್ಲಾದುಶಾದ ಜನ ಸರಾಯೆವೊವನ್ನು ಕಂಡ ರೀತಿಗೆ ಈ ಗಾಯವನ್ನು ಮರೆತು ವಿವರಣೆ ಕೊಡಲಾಗದು.

ಯುದ್ಧ ಆರಂಭವಾದಾಗ ಬಿಹಾಚ್ ಪ್ರದೇಶ ಸುತ್ತಲೂ ಮುತ್ತಿಗೆಗೆ ಒಳಗಾಯಿತು. ಪೂರ್ವ ಮತ್ತು ದಕ್ಷಿಣದಲ್ಲಿ ಬೋಸ್ನಿಯಾದ ಸರ್ಬರ ಸೈನ್ಯ, ಪಶ್ಚಿಮ ಮತ್ತು ಉತ್ತರದಲ್ಲಿ ಕ್ರೊಯೇಷಿಯಾದೊಳಗೆ ಸರ್ಬರು ಕಟ್ಟಿಕೊಂಡಿದ್ದ ಕ್ರಾಯಿನಾ ಗಣರಾಜ್ಯ. ನಡುವೆ ಸುಮಾರು ಎರಡು ಲಕ್ಷ ಜನ. ಅತ್ತ ದರಿ, ಇತ್ತ ಪುಲಿ. ಕ್ಲಾದುಶಾದಿಂದ ಸರಾಯೆವೊಗಿಂತ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್ ಬಹಳ ಹತ್ತಿರ. ಕಂಪನಿಯ ಹಳೆಯ ವ್ಯಾಪಾರ ಸಂಬಂಧಗಳಲ್ಲಿ ಹಲವು ಆ ಕಡೆಗೆ ಇದ್ದವು. ಶತ್ರುವಿನ ಸಾಲುಗಳ ಮೂಲಕವೇ ಅಬ್ದಿಚ್ ಆಹಾರ ಮತ್ತು ಇಂಧನವನ್ನು ತರಿಸಿದ. ಬೇರೆಡೆ ಊರುಗಳು ಹಸಿದಿದ್ದಾಗ ಕ್ಲಾದುಶಾದ ಅಂಗಡಿಗಳಲ್ಲಿ ಸಾಮಾನು ಸಿಗುತ್ತಿತ್ತು. ಜನ ಶಾಂತಿ ಎಂದಾಗ ಅವರ ಕಣ್ಣೆದುರು ಇದ್ದದ್ದು ಆ ಅಂಗಡಿ.

1993ರ ಸೆಪ್ಟೆಂಬರ್ ಕೊನೆಯಲ್ಲಿ, ದೇಶವನ್ನು ಮೂರು ಜನಾಂಗೀಯ ಗಣರಾಜ್ಯಗಳ ಒಕ್ಕೂಟವನ್ನಾಗಿ ಮಾಡುವ ಓವೆನ್–ಸ್ಟೊಲ್ಟೆನ್‌ಬರ್ಗ್ ಯೋಜನೆಯನ್ನು ಸರಾಯೆವೊ ಒಪ್ಪಲಿಲ್ಲ. ಕಿತ್ತುಕೊಂಡ ನೆಲ ಹಿಂತಿರುಗಬೇಕೆಂದು ಪಟ್ಟು ಹಿಡಿಯಿತು. ಅಬ್ದಿಚ್ ಆ ಯೋಜನೆಯನ್ನು ಒಪ್ಪಬೇಕೆನ್ನುತ್ತಿದ್ದ. ಸೆಪ್ಟೆಂಬರ್ 27ರಂದು ಕ್ಲಾದುಶಾದಲ್ಲಿ ಸ್ವಾಯತ್ತ ಪ್ರಾಂತ್ಯದ ಘೋಷಣೆಯಾಯಿತು. ಅದೇ ವಾರ ಸರಾಯೆವೊದಲ್ಲಿ ಸೇರಿದ್ದ ಸಭೆ ಬೋಸ್ನಿಯಾದ ಮುಸ್ಲಿಮರಿಗೆ 'ಬೋಸ್ನಿಯಾಕ್' ಎಂಬ ಒಂದೇ ಜನಾಂಗನಾಮವನ್ನು ಅಂಗೀಕರಿಸಿತು ಎಂಬುದನ್ನು ನಾನು ಪ್ರತಿ ಸಲ ಓದುವಾಗಲೂ ಒಂದು ಕ್ಷಣ ನಿಲ್ಲುತ್ತೇನೆ. ಎಲ್ಲರಿಗೂ ಒಂದು ಹೆಸರು ಸಿಕ್ಕ ವಾರವೇ ಮನೆ ಎರಡಾಯಿತು.

ಆದ್ದರಿಂದ ನನ್ನ ಉತ್ತರ ಇದು: ಒಡಕಿನ ಮೂಲ ಧರ್ಮದಲ್ಲಿಯೂ ಇರಲಿಲ್ಲ, ಸಿದ್ಧಾಂತದಲ್ಲಿಯೂ ಇರಲಿಲ್ಲ. ಅದು ಅನ್ನದ ಋಣ. ಆ ಪ್ರಾಂತ್ಯದ ಗಡಿಯನ್ನು ಕಂಪನಿಯ ಸಂಬಳದ ಪಟ್ಟಿಯೇ ಎಳೆದಿತ್ತು ಎಂದರೂ ತಪ್ಪಾಗಲಾರದು.

ಉತ್ತರ (ಉನಾ ತೀರ):

ಮೇಲಿನ ಉತ್ತರವನ್ನು ಎರಡು ಬಾರಿ ಓದಿದೆ. ಅದರಲ್ಲಿರುವ ಸಂಗತಿಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅನ್ನದ ಋಣ ಎಂಬ ಮಾತು ಜನರಿಗೆ ಹೊಂದುವಷ್ಟು ನಾಯಕನಿಗೆ ಹೊಂದುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಮುಖ್ಯವಾದದ್ದು ಕೈಜಾರುತ್ತದೆ.

ಘೋಷಣೆಯಾಗಿ ಒಂದು ತಿಂಗಳೂ ಕಳೆಯದೆ, 1993ರ ಅಕ್ಟೋಬರ್ 21ರಂದು ಅಬ್ದಿಚ್ ಬೋಸ್ನಿಯಾದ ಕ್ರೊಯೇಟರ ನಾಯಕ ಮಾತೆ ಬೋಬಾನ್ ಜೊತೆಗೂ, ಮರುದಿನ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಬೋಸ್ನಿಯಾದ ಸರ್ಬರ ನಾಯಕ ರಾದೊವಾನ್ ಕರಾಜಿಚ್ ಜೊತೆಗೂ ಒಪ್ಪಂದಗಳಿಗೆ ಸಹಿ ಹಾಕಿದ. ಸರಾಯೆವೊದ ಮೇಲೆ ಆಗ ಯಾರ ಫಿರಂಗಿಗಳು ಗುಂಡು ಸುರಿಸುತ್ತಿದ್ದವು, ಆ ಸೈನ್ಯದ ರಾಜಕೀಯ ನಾಯಕ ಯಾರು ಎಂಬುದನ್ನು ನೆನಪಿಸಿಕೊಂಡರೆ ಈ ಸಹಿಯ ತೂಕ ತಿಳಿಯುತ್ತದೆ. ಮುತ್ತಿಗೆಯೊಳಗೆ ಬದುಕಲು ಶತ್ರುವಿನಿಂದ ಹಿಟ್ಟು ಕೊಳ್ಳುವುದು ಬೇರೆ. ಅದೇ ಶತ್ರುವಿನಿಂದ ಶಸ್ತ್ರ ಪಡೆದು ನೆರೆಯೂರಿನವರ ಮೇಲೆ ತಿರುಗಿಸುವುದು ಬೇರೆ. ಮೊದಲನೆಯದನ್ನು ಆ ಯುದ್ಧದಲ್ಲಿ ಬಹಳ ಮಂದಿ ಮಾಡಿದರು, ಅದನ್ನು ನಾನು ತಪ್ಪೆನ್ನುವುದಿಲ್ಲ.

ಬೋಸ್ನಿಯಾ ಸೈನ್ಯದ ಐದನೆಯ ದಳ 1992ರ ಅಕ್ಟೋಬರಿನಲ್ಲಿ ಬಿಹಾಚ್‌ನಲ್ಲಿ ರೂಪುಗೊಂಡಿತ್ತು. ಕ್ಲಾದುಶಾ, ತ್ಸಾಜಿನ್ ಕಡೆಯ ಹುಡುಗರೂ ಅದರಲ್ಲಿದ್ದರು. ಘೋಷಣೆಯ ನಂತರ ದಳವೇ ಒಡೆದು, ಒಂದಷ್ಟು ತುಕಡಿಗಳು ಅಬ್ದಿಚ್‌ನ 'ಜನರಕ್ಷಣಾ ಪಡೆ'ಗೆ ಸೇರಿದವು. ಹೀಗಾಗಿ ನಿನ್ನೆಯವರೆಗೆ ಒಂದೇ ಕಂದಕದಲ್ಲಿ ಕುಳಿತವರು ಇಂದು ಎದುರುಬದುರಾದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಎಂಬುದು ಅಲ್ಲಿ ಅಲಂಕಾರದ ಮಾತಲ್ಲ. ಸೆರೆ ಸಿಕ್ಕವರನ್ನೂ, ಸ್ವಾಯತ್ತತೆಯನ್ನು ಒಪ್ಪದ ನಾಗರಿಕರನ್ನೂ ಕೂಡಿಹಾಕಲು ಪ್ರಾಂತ್ಯದೊಳಗೆ ಶಿಬಿರಗಳು ತೆರೆದವು. ದ್ರ್ಮಾಲ್ಯೆವೊ ಅವುಗಳಲ್ಲಿ ಒಂದು.

ಬಿಹಾಚ್ ಆಗ ವಿಶ್ವಸಂಸ್ಥೆಯ 'ಸುರಕ್ಷಿತ ಪ್ರದೇಶ'. 1993ರ ಮೇ 6ರ 824ನೆಯ ಗೊತ್ತುವಳಿ ಹಾಗೆಂದು ಸಾರಿತ್ತು. ಆ ಸುರಕ್ಷತೆಯನ್ನು ಹೊರಗಿನಿಂದ ಸರ್ಬರೂ ಒಳಗಿನಿಂದ ಅಬ್ದಿಚ್‌ನ ಪಡೆಯೂ ಮುರಿದರು. ಐದನೆಯ ದಳದ ಸೇನಾಪತಿ ಅತೀಫ್ ದುದಾಕೊವಿಚ್ 1994ರ ಜುಲೈಯಲ್ಲಿ ಹೂಡಿದ ತಂತ್ರ ಇಲ್ಲಿ ಹೇಳಲೇಬೇಕಾದದ್ದು. ಬಿಹಾಚ್‌ನಲ್ಲಿ ಅಧಿಕಾರಿಗಳು ತನ್ನ ವಿರುದ್ಧವೇ ಬಂಡೆದ್ದಿದ್ದಾರೆ ಎಂಬ ಸುದ್ದಿಯನ್ನು ಆತ ಹಬ್ಬಿಸಿದ. ನಂಬಿಕೆ ಬರಲೆಂದು ನಗರದಲ್ಲಿ ಗುಂಡಿನ ಸದ್ದು, ಸ್ಫೋಟದ ಸದ್ದು ಎಲ್ಲವನ್ನೂ ಏರ್ಪಡಿಸಿದ. ಅಬ್ದಿಚ್ ಅದನ್ನು ನಂಬಿ, ಬಂಡುಕೋರರೆಂದುಕೊಂಡವರಿಗೆ ಶಸ್ತ್ರಗಳನ್ನು ಕಳುಹಿಸಿಕೊಟ್ಟ. ಅವು ನೇರವಾಗಿ ಐದನೆಯ ದಳದ ಕೈ ಸೇರಿದವು. ಆಗಸ್ಟ್ 21ರಂದು ಕ್ಲಾದುಶಾ ಬಿತ್ತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವರು ಬೆಲ್‌ಗ್ರೇಡ್‌ನವರು. 1994ರ ನವೆಂಬರಿನಲ್ಲಿ 'ಜೇಡ' ಎಂಬ ಹೆಸರಿನ ಕಾರ್ಯಾಚರಣೆ ಆರಂಭವಾಯಿತು. ಕ್ರಾಯಿನಾದ ಸರ್ಬರ ಪಡೆ, ಅಬ್ದಿಚ್‌ನ ಪಡೆ, ಇವೆರಡರ ಹಿಂದೆ ಯೋವಿತ್ಸಾ ಸ್ತಾನಿಶಿಚ್ ಮತ್ತು ಫ್ರಾಂಕೊ ಸಿಮಾತೊವಿಚ್ ನಡೆಸುತ್ತಿದ್ದ ಸರ್ಬಿಯಾದ ಗುಪ್ತಚರ ಸೇವೆ. ಡಿಸೆಂಬರಿನಲ್ಲಿ ಕ್ಲಾದುಶಾ ಮತ್ತೆ ಅಬ್ದಿಚ್ ಕೈಗೆ ಬಂತು. ಈ ಎರಡನೆಯ ಅವಧಿಯ ಪ್ರಾಂತ್ಯವನ್ನು ಸ್ವಾಯತ್ತ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಇನ್ನೊಬ್ಬರ ಬಂದೂಕಿನ ಮೇಲೆ ನಿಂತದ್ದಕ್ಕೆ ಬೇರೆ ಹೆಸರಿದೆ.

ಪ್ರಶ್ನೆ ಕೇಳಿದವರು (ಹಳೆಯ ನಕ್ಷೆ):

ಇಬ್ಬರಿಗೂ ಕೃತಜ್ಞತೆಗಳು. ಒಬ್ಬರು ಜನರಿಂದ ಹೊರಟು ಬರೆದಿದ್ದೀರಿ, ಇನ್ನೊಬ್ಬರು ಸಹಿ ಹಾಕಿದ ಕೈಯಿಂದ ಹೊರಟು ಬರೆದಿದ್ದೀರಿ. ಓದಿದ ಮೇಲೆ ಉಳಿದ ಪ್ರಶ್ನೆ ಇಷ್ಟೇ: 1994ರ ಆಗಸ್ಟಿನಲ್ಲಿ ಊರು ಬಿದ್ದಾಗ ಅಬ್ದಿಚ್‌ನನ್ನು ನಂಬಿದ್ದ ಸಾಮಾನ್ಯ ಜನ ಏನಾದರು? ಸರ್ಕಾರದ ಸೈನ್ಯ ಅವರದೇ ಸಮುದಾಯದ ಸೈನ್ಯವಾಗಿದ್ದರಿಂದ ಅವರು ಮನೆಗಳಲ್ಲೇ ಉಳಿದುಕೊಂಡರೆ?

ಉತ್ತರ (ಮಣ್ಣಿನ ದಾರಿ):

ಇಲ್ಲ, ಉಳಿದುಕೊಳ್ಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಯೋಚಿಸಿರುವುದು ಇದೊಂದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಐದನೆಯ ದಳ ಕ್ಲಾದುಶಾವನ್ನು ಪ್ರವೇಶಿಸುವ ಹೊತ್ತಿಗೆ ಸುಮಾರು 30,000 ಜನ ಗಡಿ ದಾಟಿದ್ದರು. ಅವರು ಓಡಿದ ದಿಕ್ಕನ್ನು ಗಮನಿಸಿ: ತಮ್ಮದೇ ಧರ್ಮದವರ ಸೈನ್ಯದಿಂದ ತಪ್ಪಿಸಿಕೊಂಡು, ಸರ್ಬರ ಹಿಡಿತದಲ್ಲಿದ್ದ ಕ್ರಾಯಿನಾದೊಳಕ್ಕೆ. ಟ್ರ್ಯಾಕ್ಟರುಗಳಲ್ಲಿ, ಗಾಡಿಗಳಲ್ಲಿ, ನಡೆದುಕೊಂಡು. ಅವರಲ್ಲಿ ಹೆಚ್ಚಿನವರಿಗೆ ಎರಡು ಕಡೆ ನೆಲೆ ಸಿಕ್ಕಿತು. ಮೊದಲನೆಯದು ಬಾತ್ನೊಗಾ. ಅದು ಅಗ್ರೊಕೊಮೆರ್ಟ್ಸ್ ಕಂಪನಿಯದೇ ಕೋಳಿ ಫಾರಂ. ಉದ್ದನೆಯ, ಕಿಟಕಿಯೇ ಇಲ್ಲದಂಥ ತಗ್ಗು ಕೊಟ್ಟಿಗೆಗಳು. ಒಂದೊಂದರಲ್ಲಿ ನೂರಾರು ಜನ. ಕುಟುಂಬ ಕುಟುಂಬದ ನಡುವೆ ಕಂಬಳಿ ತೂಗುಹಾಕಿ ಗೋಡೆ ಮಾಡಿಕೊಂಡು ಆ ಚಳಿಗಾಲವನ್ನು ಕಳೆಯುವ ಸ್ಥಿತಿ. ಯಾವ ಕೋಳಿಗಳಿಂದ ಅವರ ಮನೆಗಳಿಗೆ ಸಂಬಳ ಬಂದಿತ್ತೋ, ಅದೇ ಕೋಳಿಗಳ ಗೂಡಿನಲ್ಲಿ ಅವರು ಮಲಗಿದರು. 'ಕಡತಗಾರ' ಅವರು ಅನ್ನದ ಋಣ ಎಂದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಬಾತ್ನೊಗಾ.

ಎರಡನೆಯದು ತುರಾನ್ಯ್. ಕ್ರೊಯೇಷಿಯಾದ ಕಾರ್ಲೊವಾಟ್ಸ್ ನಗರದ ಅಂಚಿನ ಬಡಾವಣೆ. 1991ರ ಯುದ್ಧದಲ್ಲಿ ಪಾಳುಬಿದ್ದು, ಕ್ರೊಯೇಟ್ ಮತ್ತು ಸರ್ಬ್ ಸಾಲುಗಳ ನಡುವಿನ ಯಾರಿಗೂ ಸೇರದ ಪಟ್ಟಿಯಲ್ಲಿ ನಿಂತಿತ್ತು. ಅಲ್ಲಿಂದ ಕ್ರೊಯೇಷಿಯಾಕ್ಕೆ, ಅಲ್ಲಿಂದ ಮೂರನೆಯ ದೇಶಗಳಿಗೆ ಹೋಗಬಹುದೆಂಬ ಆಸೆಯಿಂದ ಸಾವಿರಾರು ಜನ ಅಲ್ಲಿಗೆ ನಡೆದರು. ಕ್ರೊಯೇಷಿಯಾ ಅವರನ್ನು ಒಳಗೆ ಬಿಡಲಿಲ್ಲ. ಮುಂದೆ ಕ್ರೊಯೇಟ್ ಪೊಲೀಸರ ತಡೆಗೋಡೆ, ಹಿಂದೆ ಸರ್ಬರ ಸಾಲು, ಅಕ್ಕಪಕ್ಕದ ಹಿತ್ತಲುಗಳಲ್ಲಿ ನೆಲಬಾಂಬುಗಳು. ಛಾವಣಿಯಿಲ್ಲದ ಮನೆಗಳಲ್ಲಿ, ರಸ್ತೆಯ ಮೇಲೆ ಪ್ಲಾಸ್ಟಿಕ್ ಹಾಳೆಗಳ ಕೆಳಗೆ ತಿಂಗಳುಗಟ್ಟಲೆ ಕಳೆದರು. ಸೌದೆಗಾಗಿ ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಇಡುವುದೂ ಅಪಾಯವಾಗಿತ್ತು.

ಸರಾಯೆವೊ ಕ್ಷಮಾದಾನ ಘೋಷಿಸಿ ಮರಳಿ ಬನ್ನಿ ಎಂದು ಕರೆಯಿತು. ಬಹುಪಾಲು ಜನ ಹಿಂತಿರುಗಲಿಲ್ಲ. ಇದಕ್ಕೆ ಭಯ ಒಂದು ಕಾರಣ, ಬಾಬೊ ಮತ್ತೆ ಊರಿಗೆ ಕರೆದೊಯ್ಯುತ್ತಾನೆ ಎಂಬ ಭರವಸೆ ಇನ್ನೊಂದು. ಶಿಬಿರಗಳನ್ನು ಹತೋಟಿಯಲ್ಲಿಟ್ಟಿದ್ದವರ ಒತ್ತಡವೂ ಇತ್ತು. ಶಿಬಿರಗಳಲ್ಲಿದ್ದ ಗಂಡಸರನ್ನೇ ಒಟ್ಟುಗೂಡಿಸಿ 'ಜೇಡ' ಕಾರ್ಯಾಚರಣೆಗೆ ಕಳುಹಿಸಲಾಯಿತು. ಡಿಸೆಂಬರಿನಲ್ಲಿ ಜನ ಮನೆಗಳಿಗೆ ಮರಳಿದರು. ಎಂಟು ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ದಾರಿಯಲ್ಲಿ ಹೊರಟರು. 1995ರ ಆಗಸ್ಟಿನಲ್ಲಿ 20,000ಕ್ಕೂ ಹೆಚ್ಚು ಮಂದಿ ಕ್ರೊಯೇಷಿಯಾದ ವೊಯ್ನಿಚ್ ಬಳಿಯ ಕುಪ್ಲೆನ್ಸ್ಕೊದಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ಬೀಡುಬಿಟ್ಟರು.

ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ಮನೆ ಬಿಟ್ಟ ಹೆಂಗಸನ್ನು ಅಥವಾ ಮುದುಕನನ್ನು ದ್ರೋಹಿ ಎಂದು ಕರೆಯಲು ನನ್ನಿಂದಾಗದು. 'ಉನಾ ತೀರ' ಅವರು ನಾಯಕನನ್ನೂ ಜನರನ್ನೂ ಬೇರೆಯಾಗಿ ತೂಗಬೇಕು ಎಂದದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಹಾಗೆ ತೂಗುವಾಗ, ಆ ಜನರಿಗೆ ತಿಂಗಳ ಕೊನೆಯಲ್ಲಿ ಸಂಬಳ ಕೊಟ್ಟ ಸರ್ಕಾರ ಯಾವುದು ಎಂಬ ಪ್ರಶ್ನೆಯೂ ತಕ್ಕಡಿಯಲ್ಲಿರಬೇಕು. ಅವರ ಕಣ್ಣಿಗೆ ಸರಾಯೆವೊ ಎಂದೂ ಕಾಣಿಸಿರಲಿಲ್ಲ.

ಉತ್ತರ (ಕಡತಗಾರ):

ಕೊನೆಯ ಘಟ್ಟದ ಬಗ್ಗೆ ಕೆಲವು ಮಾತುಗಳು ಬಾಕಿಯಿವೆ.

ಪ್ರಾಂತ್ಯ ಉಳಿಯಬೇಕಾದರೆ ಜಾಗ್ರೆಬ್ ಮತ್ತು ಬೆಲ್‌ಗ್ರೇಡ್ ಎರಡಕ್ಕೂ ಅದು ಬೇಕಾಗಿರಬೇಕಿತ್ತು. 1994ರ ಮಾರ್ಚ್‌ನ ವಾಷಿಂಗ್ಟನ್ ಒಪ್ಪಂದದಿಂದ ಬೋಸ್ನಿಯಾಕರು ಮತ್ತು ಕ್ರೊಯೇಟರು ಮತ್ತೆ ಮಿತ್ರರಾದಾಗಲೇ ಒಂದು ಕಾಲು ಮುರಿದಿತ್ತು. 1995ರ ಜುಲೈ 22ರಂದು ಕ್ರೊಯೇಷಿಯಾದ ಅಧ್ಯಕ್ಷ ತುಜ್ಮಾನ್ ಮತ್ತು ಇಜೆತ್‌ಬೆಗೊವಿಚ್ ಸ್ಪ್ಲಿಟ್ ನಗರದಲ್ಲಿ ಸೇನಾ ಸಹಕಾರಕ್ಕೆ ಸಹಿ ಹಾಕಿದರು. ಅದಾದ ನಾಲ್ಕೇ ದಿನಕ್ಕೆ, ಜುಲೈ 26ರಂದು, ಅಬ್ದಿಚ್ ತನ್ನ ಪ್ರಾಂತ್ಯವನ್ನು 'ಪಶ್ಚಿಮ ಬೋಸ್ನಿಯಾ ಗಣರಾಜ್ಯ' ಎಂದು ಘೋಷಿಸಿದ. ನೆಲ ಕುಸಿಯುತ್ತಿದ್ದಾಗ ಹೆಸರನ್ನು ಎತ್ತರಿಸಿದಂತಾಯಿತು. ಆಗಸ್ಟ್ 4ರಂದು ಕ್ರೊಯೇಷಿಯಾದ ಸೈನ್ಯ 'ಬಿರುಗಾಳಿ' ಕಾರ್ಯಾಚರಣೆಯನ್ನು ಆರಂಭಿಸಿತು. ಕ್ರಾಯಿನಾ ಕೆಲವೇ ದಿನಗಳಲ್ಲಿ ಇಲ್ಲವಾಯಿತು. ಕೊರಾನಾ ನದಿಯ ಬಳಿ ಐದನೆಯ ದಳವೂ ಕ್ರೊಯೇಟ್ ಸೈನ್ಯವೂ ಸಂಧಿಸಿದವು. ಆಗಸ್ಟ್ 7ರಂದು ದುದಾಕೊವಿಚ್‌ನ ಸೈನಿಕರು ಕ್ಲಾದುಶಾವನ್ನು ಮತ್ತೆ ಹಿಡಿದರು. ಗಣರಾಜ್ಯ ಎರಡು ವಾರವೂ ಬಾಳಲಿಲ್ಲ.

ಅಬ್ದಿಚ್ ಕ್ರೊಯೇಷಿಯಾದ ಪೌರತ್ವ ಪಡೆದು ರಿಯೆಕಾ ನಗರದ ಬಳಿ ನೆಲೆಸಿದ. ತುಜ್ಮಾನ್ ತೀರಿಕೊಂಡ ನಂತರ ಕಾರ್ಲೊವಾಟ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ನಾಗರಿಕರ ಮತ್ತು ಯುದ್ಧಕೈದಿಗಳ ವಿರುದ್ಧದ ಅಪರಾಧಗಳಿಗಾಗಿ 2002ರಲ್ಲಿ ಅವನಿಗೆ 20 ವರ್ಷಗಳ ಶಿಕ್ಷೆಯಾಯಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು 15 ವರ್ಷಕ್ಕೆ ಇಳಿಸಿತು. ಈ ತೀರ್ಪನ್ನು ಮುಂದಿಟ್ಟುಕೊಂಡು ನೋಡಿದರೆ 'ಉನಾ ತೀರ' ಅವರ ಆಕ್ಷೇಪಣೆ ನ್ಯಾಯವಾದದ್ದು. ನನ್ನ ಮೊದಲ ಉತ್ತರದಲ್ಲಿ ಸಹಿಗಳ ಮತ್ತು ಶಿಬಿರಗಳ ಸಂಗತಿಯನ್ನು ಬಿಟ್ಟದ್ದು ಸರಿಯಾಗಲಿಲ್ಲ.

ಆದರೆ ಜೈಲಿನಿಂದ ಬಿಡುಗಡೆಯಾದ 2012ರ ಮಾರ್ಚ್ 9ರಂದು ಜೈಲಿನ ಹೊರಗೆ ಅವನನ್ನು ಸ್ವಾಗತಿಸಲು ದೊಡ್ಡ ಸಂಖ್ಯೆಯಲ್ಲಿ ಜನ ಸೇರಿದ್ದರು. 2016ರಲ್ಲಿ ವೆಲಿಕಾ ಕ್ಲಾದುಶಾದ ಮತದಾರರು ಅವನನ್ನೇ ಮೇಯರ್ ಆಗಿ ಆರಿಸಿದರು. 2020ರಲ್ಲಿ, ಸರ್ಕಾರಿ ಖರೀದಿಯ ಅವ್ಯವಹಾರದ ಆರೋಪದ ಮೇಲೆ ಬಂಧನದಲ್ಲಿದ್ದಾಗಲೂ ಮತ್ತೆ ಗೆಲ್ಲಿಸಿದರು.

ಉತ್ತರ (ಉನಾ ತೀರ):

2016ರ ಫಲಿತಾಂಶವನ್ನು ನಾನೂ ಬಹಳ ದಿನ ನುಂಗಲಾರದ ತುತ್ತಿನಂತೆ ಇಟ್ಟುಕೊಂಡಿದ್ದೆ. ಆ ಮತಗಳು ಯುದ್ಧದ ನೆನಪಿಗೆ ಬಿದ್ದವೆಂದು ಆಗ ತಿಳಿದಿದ್ದೆ, ಈಗ ಹಾಗೆ ಹೇಳಲಾರೆ. ಅಗ್ರೊಕೊಮೆರ್ಟ್ಸ್ ಯುದ್ಧದ ನಂತರ ಹಿಂದಿನ ಗಾತ್ರಕ್ಕೆ ಎಂದೂ ಮರಳಲಿಲ್ಲ. ಆ ಗಡಿನಾಡಿನ ಯುವಕರು ಮತ್ತೆ ಕೆಲಸ ಹುಡುಕಿಕೊಂಡು ಪಶ್ಚಿಮ ಯುರೋಪಿಗೆ ಹೊರಟರು. ಮತ ಹಾಕಿದವರು ಕಾರ್ಖಾನೆಯನ್ನು ಮರಳಿ ಕೇಳುತ್ತಿದ್ದರೆಂದು ಈಗ ತೋರುತ್ತದೆ. ಆದರೆ ಆ ಪ್ರಾಂತ್ಯದ ಶಿಬಿರಗಳಲ್ಲಿ ಕೂಡಿಹಾಕಿಸಿಕೊಂಡಿದ್ದವರೂ ಅದೇ ತಾಲ್ಲೂಕಿನಲ್ಲಿ ಬದುಕುತ್ತಿದ್ದಾರೆ. ಫಲಿತಾಂಶ ಪ್ರಕಟವಾದ ಸಂಜೆ ಬೀದಿಯಲ್ಲಿ ಸಂಭ್ರಮದ ಸದ್ದು ಕೇಳಿದಾಗ ಅವರು ಕಿಟಕಿಯನ್ನು ಮುಚ್ಚಿಕೊಂಡಿರಬೇಕು. ಪ್ರಾಂತ್ಯದ ಬಗ್ಗೆ ಬರೆಯುವಾಗ ಆ ಮನೆಗಳನ್ನು ಬಿಡದೆ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.